ಹಳೇ ಚಿತ್ರ, ವಿಗ್ರಹ, ಓಲೆಗರಿ ಉಳಿಸುವ ಕೆಲಸ ಕಲಿಯೋಕೆ ಎಲ್ಲಿಗೆ ಹೋಗಬೇಕು? ನೋಯ್ಡಾನಾ, ಲಕ್ನೋನಾ?

ತುಂಗೆ_ದಡದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು. ಬಿ.ಎಸ್ಸಿ ಕೊನೇ ವರ್ಷ, ಕೆಮಿಸ್ಟ್ರಿ ಮತ್ತು ಬಾಟನಿ. ಚಿತ್ರ ಬರೆಯುವ ಹುಚ್ಚು ಚಿಕ್ಕಂದಿನಿಂದ ಇದೆ, ಆದರೆ ಕಲಾವಿದೆ ಆಗುವಷ್ಟು ಇಲ್ಲ ಅಂತ ನನಗೇ ಗೊತ್ತು. ಕಾಲೇಜ್ ಟ್ರಿಪ್‌ನಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ ಮೇಲೆ ತಲೆಯಲ್ಲಿ ಒಂದೇ ಹುಳ: ಈ ಗೋಡೆ ಚಿತ್ರಗಳನ್ನು ಯಾರು ನೋಡಿಕೊಳ್ಳುತ್ತಾರೆ, ಬಣ್ಣ ಉದುರಿದರೆ ಏನು ಮಾಡುತ್ತಾರೆ, ಅದನ್ನು ಕಲಿಸುವ ಕಾಲೇಜ್ ಅಂತ ಒಂದು ಇದೆಯಾ?

ಹುಡುಕಿದಾಗ ಎರಡು ಹೆಸರು ಸಿಕ್ಕವು. ದೆಹಲಿ ಪಕ್ಕ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್, ಲಕ್ನೋದಲ್ಲಿ ಎನ್ಆರ್‌ಎಲ್‌ಸಿ (ನ್ಯಾಷನಲ್ ರಿಸರ್ಚ್ ಲ್ಯಾಬೊರೇಟರಿ ಫಾರ್ ಕನ್ಸರ್ವೇಷನ್). ಎರಡೂ ಕೇಂದ್ರ ಸರ್ಕಾರದ್ದೇ. ವ್ಯತ್ಯಾಸ ಏನು? ಸೈನ್ಸ್ ಓದಿದವರನ್ನು ತಗೊಳ್ತಾರಾ? ಓದಿದ ಮೇಲೆ ಕೆಲಸ ಸಿಗುತ್ತಾ? ಮನೆಯಲ್ಲಿ ಅಪ್ಪ ಬಿ.ಎಡ್ ಮಾಡು ಅಂತ ಕೂತಿದ್ದಾರೆ, ಅವರಿಗೆ ಹೇಳೋಕೆ ನನ್ನ ಹತ್ತಿರ ಏನಾದರೂ ಗಟ್ಟಿ ಉತ್ತರ ಇರಬೇಕು. ಸುಮ್ನೆ "ಪ್ಯಾಶನ್ ಫಾಲೋ ಮಾಡು" ಅಂತ ಬರೆಯಬೇಡಿ ದಯವಿಟ್ಟು.

ಹತ್ತಿಕಡ್ಡಿ:

ನಾನು ಇದನ್ನೇ ಓದಿದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾದರೆ ಮುಂದೆ ಹೋಗಿ.

ಮೊದಲು ಒಂದು ಗೊಂದಲ ಬಿಡಿಸೋಣ. ಕನ್ಸರ್ವೇಷನ್ ಅಂತ ಗೂಗಲ್‌ನಲ್ಲಿ ಹೊಡೆದರೆ ಅರ್ಧ ಹುಲಿ ಆನೆ ಬರುತ್ತವೆ, ಇನ್ನರ್ಧ ಹಳೇ ಕಟ್ಟಡ ಬರುತ್ತದೆ. ಕಟ್ಟಡದ್ದು ಆರ್ಕಿಟೆಕ್ಚರ್ ಓದಿದವರ ದಾರಿ, ನಿಮ್ಮದಲ್ಲ. ನೀವು ಕೇಳುತ್ತಿರುವುದು ವಸ್ತುಗಳ ಸಂರಕ್ಷಣೆ. ಚಿತ್ರ, ಬಟ್ಟೆ, ಕಾಗದ, ಓಲೆಗರಿ, ಲೋಹ, ಮರ, ಕಲ್ಲು. ಇದಕ್ಕೆ ಸೈನ್ಸ್ ಬೇಕೇ ಬೇಕು. ನಿಮ್ಮ ಕೆಮಿಸ್ಟ್ರಿ ಇಲ್ಲಿ ತೊಡಕಲ್ಲ, ಬಂಡವಾಳ.

ನೋಯ್ಡಾದ್ದು ಹೊಸ ಹೆಸರು ಅಷ್ಟೇ. 1989ರಲ್ಲಿ ದೆಹಲಿಯ ನ್ಯಾಷನಲ್ ಮ್ಯೂಸಿಯಂ ಒಳಗೇ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಇದು, ಡೀಮ್ಡ್ ವಿಶ್ವವಿದ್ಯಾಲಯ. ಹಳೇ ಹೆಸರಿನ ಕಾಲದಲ್ಲಿ ಇದ್ದಿದ್ದು ಮೂರು ಎಂ.ಎ: ಕಲಾ ಇತಿಹಾಸ, ಮ್ಯೂಸಿಯಾಲಜಿ, ಕನ್ಸರ್ವೇಷನ್. ಎರಡು ವರ್ಷ. 2020ರ ಬಜೆಟ್‌ನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಂಡ್ ಕನ್ಸರ್ವೇಷನ್ ಅಂತ ಘೋಷಣೆ ಆಯಿತು, ಆಮೇಲೆ ಇದೇ ಸಂಸ್ಥೆಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅನ್ನುವ ಹೆಸರು ಬಂತು. ಡಿಗ್ರಿ ಬೇಕು ಅಂದರೆ ಇಲ್ಲಿಗೆ. ಕನ್ಸರ್ವೇಷನ್‌ಗೆ ಸೈನ್ಸ್ ಓದಿದವರೂ ಬರುತ್ತಾರೆ, ಫೈನ್ ಆರ್ಟ್ಸ್‌ನವರೂ ಬರುತ್ತಾರೆ. ಯಾವ ಸಬ್ಜೆಕ್ಟ್, ಎಷ್ಟು ಪರ್ಸೆಂಟ್ ಅನ್ನುವುದನ್ನು ಮಾತ್ರ ಆಯಾ ವರ್ಷದ ನೋಟಿಫಿಕೇಷನ್‌ನಲ್ಲೇ ನೋಡಿ, ಹಳೇ ಬ್ಲಾಗ್ ನಂಬಬೇಡಿ.

ಹಳೇ ಕಾಲದಲ್ಲಿ, ಅಂದರೆ ದೆಹಲಿಯ ಜನಪಥ್ ರಸ್ತೆಯ ಮ್ಯೂಸಿಯಂ ಒಳಗೇ ಇದ್ದಾಗ, ಕ್ಲಾಸ್ ಮುಗಿಸಿ ಮೆಟ್ಟಿಲಿಳಿದರೆ ಗ್ಯಾಲರಿ. ಬೆಳಗ್ಗೆ ಕಂಚಿನ ಬಗ್ಗೆ ಪಾಠ ಕೇಳಿದವರು ಮಧ್ಯಾಹ್ನ ಚೋಳರ ಕಂಚಿನ ಮುಂದೆ ನಿಂತಿರಬಹುದಿತ್ತು. ಕ್ಯಾಂಪಸ್ ದೊಡ್ಡದಾಗಿದ್ದು ಒಳ್ಳೆಯದೇ, ಆದರೆ ಮ್ಯೂಸಿಯಂ ಕಾಲಡಿಯಲ್ಲಿ ಇರುವ ಸುಖ ಹೋಯಿತು ಅಂತ ನನಗನ್ನಿಸುತ್ತದೆ.

ಏನು ಕಲಿಸುತ್ತಾರೆ ಅಂದರೆ, ಮೊದಲಿಗೆ ಕೈ ಹಾಕೋಕೇ ಬಿಡುವುದಿಲ್ಲ. ಆ ವಸ್ತು ಯಾವುದರಿಂದ ಆಗಿದೆ, ಯಾಕೆ ಹಾಳಾಗುತ್ತಿದೆ, ಅದು ಮೊದಲು. ಒಂದು ಉದಾಹರಣೆ ಕೊಡುತ್ತೇನೆ. ಕಂಚಿನ ವಿಗ್ರಹದ ಮೇಲೆ ಹಸಿರು ಬಣ್ಣ ಕಂಡರೆ ನಮ್ಮ ಕಡೆ ಕಿಲುಬು ಅಂತ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಆದರೆ ಹಸಿರಿನಲ್ಲಿ ಎರಡು ಜಾತಿ. ಒಂದು ಗಟ್ಟಿಯಾಗಿ, ನಯವಾಗಿ ಕೂತಿರುವ ಪದರ. ಅದು ಒಳಗಿನ ಲೋಹವನ್ನು ಕಾಯುತ್ತಿರುತ್ತದೆ, ಮುಟ್ಟಬಾರದು. ಇನ್ನೊಂದು ತಿಳಿಹಸಿರು ಪುಡಿ, ಚುಕ್ಕೆ ಚುಕ್ಕೆಯಾಗಿ ಎದ್ದಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ. ಇದಕ್ಕೆ ಬ್ರಾಂಜ್ ಡಿಸೀಸ್ ಅಂತಾರೆ. ಲೋಹದೊಳಗೆ ಸೇರಿಕೊಂಡ ಕ್ಲೋರೈಡ್, ಗಾಳಿಯ ತೇವ ಸಿಕ್ಕ ಕೂಡಲೇ ತಾಮ್ರವನ್ನು ತಿನ್ನೋಕೆ ಶುರು ಮಾಡುತ್ತದೆ, ತಿಂದಷ್ಟೂ ಮತ್ತೆ ಆಸಿಡ್ ಹುಟ್ಟುತ್ತದೆ, ನಿಲ್ಲುವುದೇ ಇಲ್ಲ. ಮೇಲಿನ ಪುಡಿ ಒರೆಸಿಬಿಟ್ಟರೆ ಪ್ರಯೋಜನ ಇಲ್ಲ. ಕ್ಲೋರೈಡ್ ತೆಗೆಯಬೇಕು ಇಲ್ಲಾ ಕಟ್ಟಿಹಾಕಬೇಕು, ಬೆಂಜೋಟ್ರಯಾಝೋಲ್ ಅಂತ ಒಂದು ರಾಸಾಯನಿಕ ಬಳಸುತ್ತಾರೆ, ಆಮೇಲೆ ತೇವ ತಾಗದ ಜಾಗದಲ್ಲಿ ಇಡಬೇಕು. ಇಷ್ಟು ಗೊತ್ತಾದ ಮೇಲೆ ಹುಣಸೆಹಣ್ಣು ಹಿಡಿದವರನ್ನು ಕಂಡರೆ ಎದೆ ಧಸಕ್ ಅನ್ನುತ್ತದೆ.

ಚಿತ್ರಗಳಲ್ಲಿ ಕ್ಲೀನಿಂಗ್ ಅಂದರೆ ಹತ್ತಿ ಸುತ್ತಿದ ಕಡ್ಡಿ (ನನ್ನ ಐಡಿ ಅದೇ!). ಮೂಲೆಯಲ್ಲಿ ಯಾರಿಗೂ ಕಾಣದ ಕಡೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಮೊದಲು ಟೆಸ್ಟ್. ಕಡ್ಡಿ ಉರುಳಿಸಬೇಕು, ಉಜ್ಜಬಾರದು. ಹತ್ತಿಗೆ ಕೊಳೆ ಬಂದರೆ ಸರಿ, ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ತೈಲಚಿತ್ರದ ಮೇಲಿನ ಕೊಳೆಗೆ ಎಷ್ಟೋ ಸಲ ಸ್ವಂತ ಎಂಜಲೇ ಒಳ್ಳೆಯ ಔಷಧಿ, ನಗಬೇಡಿ, ಪ್ರಪಂಚದ ದೊಡ್ಡ ದೊಡ್ಡ ಲ್ಯಾಬ್‌ಗಳಲ್ಲೂ ಬಳಸುತ್ತಾರೆ. ಎಂಜಲಿನಲ್ಲಿರುವ ಎನ್ಝೈಮ್ ಜಿಡ್ಡು ಕೊಳೆಯನ್ನು ಮೆತ್ತಗೆ ಬಿಡಿಸುತ್ತದೆ, ಕೊನೆಗೆ ಶುದ್ಧ ನೀರಿನ ಕಡ್ಡಿ ಆಡಿಸಿ ಅದನ್ನು ತೆಗೆಯುತ್ತಾರೆ.

ನೀವು ದರಿಯಾ ದೌಲತ್ ಅಂದಿರಲ್ಲ, ಅದು ತಮಾಷೆಯ ಕೇಸ್. ಕಟ್ಟಿದ್ದು 1784ರಲ್ಲಿ. ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧ ಇದೆ, 1780ರಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ್ದು. ನಡುವೆ ಅದರ ಮೇಲೆ ಸುಣ್ಣ ಬಳಿದಿದ್ದರು. ಮುಂದೆ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬಣ್ಣ ಬರೆಸಿದರು. ಹಾಗಾದರೆ ಈಗ ನೀವು ನೋಡಿದ್ದರಲ್ಲಿ ಟಿಪ್ಪು ಕಾಲದ್ದು ಎಷ್ಟು, ಆಮೇಲಿನವರದ್ದು ಎಷ್ಟು? ಮೇಲಿನ ಬಣ್ಣ ತೆಗೆದರೆ ಕೆಳಗೆ ಮೂಲ ಸಿಗುತ್ತಾ, ಸಿಗದೇ ಹೋದರೆ? ಮೇಲಿನದ್ದೂ ಈಗ ನೂರೈವತ್ತು ವರ್ಷ ದಾಟಿದ ಚರಿತ್ರೆಯೇ ಅಲ್ವಾ? ಕೋರ್ಸ್‌ನಲ್ಲಿ ಇಂಥ ಪ್ರಶ್ನೆಗಳ ಮೇಲೆ ಜಗಳ ಆಡೋಕೆ ಕಲಿಸುತ್ತಾರೆ. ನನಗೆ ಕೆಮಿಸ್ಟ್ರಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂದಿದ್ದು.

ಕೆಲಸದ ಬಗ್ಗೆ ಬೇರೆಯವರು ಬರೆಯಲಿ, ನಾನು ಬರೆದರೆ ಬೈಗುಳ ಬರುತ್ತದೆ.

ಗರಿಕಟ್ಟು:

ತಂಗಿ, ನಾನು ಮೈಸೂರಿನವನು. ಹಸ್ತಪ್ರತಿಗಳ ಜೊತೆ ಕೆಲಸ ಮಾಡಿ ತಲೆ ಬೆಳ್ಳಗಾಗಿದೆ. ಹತ್ತಿಕಡ್ಡಿಯವರು ನೋಯ್ಡಾ ಹೇಳಿದರು, ನಾನು ಲಕ್ನೋ ಹೇಳುತ್ತೇನೆ.

ಎನ್ಆರ್‌ಎಲ್‌ಸಿ ಅಂದರೆ ಪ್ರಯೋಗಾಲಯ, ಕಾಲೇಜ್ ಅಲ್ಲ. 1976ರಲ್ಲಿ ಕೇಂದ್ರದ ಸಂಸ್ಕೃತಿ ಇಲಾಖೆ ಅಡಿಯಲ್ಲಿ ಶುರುವಾಯಿತು, ಓ.ಪಿ. ಅಗ್ರವಾಲ್ ಅನ್ನುವವರು ಅದನ್ನು ಕಟ್ಟಿದ್ದು. ದೇಶದ ಮ್ಯೂಸಿಯಂಗಳಿಗೆ ಬೇಕಾದ ಸಂಶೋಧನೆ ಮಾಡುವುದು, ಅಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವುದು ಅದರ ಕೆಲಸ. ಎಂ.ಎ ಸಿಗುವುದಿಲ್ಲ. ಆದರೆ ಈಗಾಗಲೇ ಮ್ಯೂಸಿಯಂನಲ್ಲೋ ಪತ್ರಾಗಾರದಲ್ಲೋ ಇರುವವರಿಗೆ ಅಲ್ಲಿಯ ತರಬೇತಿಗೆ ಒಳ್ಳೆ ಬೆಲೆ. ಮತ್ತೆ ಒಂದು ವಿಷಯ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅದರ ದಕ್ಷಿಣದ ಪ್ರಾದೇಶಿಕ ಪ್ರಯೋಗಾಲಯ ಇರುವುದು ನಮ್ಮ ಮೈಸೂರಿನಲ್ಲೇ. ಲಕ್ನೋ ರೈಲು ಹತ್ತುವ ಮೊದಲು ಇಲ್ಲಿ ಬಂದು ವಿಚಾರಿಸಿ. ಬೆಂಗಳೂರಿನಲ್ಲೂ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ, ಹಳೇ ಕಲೆ ಕಟ್ಟಡ ಉಳಿಸುವ ಇಂಟ್ಯಾಕ್ ಸಂಸ್ಥೆಯ ಕನ್ಸರ್ವೇಷನ್ ಕೇಂದ್ರ ಇದೆ. ಎರಡು ವರ್ಷ ದೆಹಲಿ ಕಡೆ ಹೋಗಿ ಕೂರುವ ಮೊದಲು ಈ ಕೆಲಸ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಇದರಲ್ಲಿ ಮುಕ್ಕಾಲು ಪಾಲು ಕಾಯುವುದು, ಬರೆದಿಡುವುದು, ಫೋಟೋ ತೆಗೆಯುವುದು.

ಬಾಟನಿ ಓದಿದ್ದೀರಿ ಅಂದಿರಿ, ಅದಕ್ಕೆ ಹೇಳುತ್ತೇನೆ. ಓಲೆಗರಿ ಅಂದರೆ ಎಲೆ ತಾನೇ. ಅದರಲ್ಲೂ ಶ್ರೀತಾಳೆ ಬೇರೆ, ಸಾಮಾನ್ಯ ತಾಳೆ ಬೇರೆ. ಶ್ರೀತಾಳೆಯದ್ದು ತೆಳು, ಅಗಲ, ಬಳುಕುತ್ತದೆ. ಇನ್ನೊಂದು ದಪ್ಪ, ಒರಟು, ವಯಸ್ಸಾದಂತೆ ಮುರಿಯುತ್ತದೆ. ಅಕ್ಷರ ಬರೆದಿರುವುದಲ್ಲ, ಕಂಠ ಅನ್ನುವ ಚೂಪು ಲೇಖನಿಯಿಂದ ಕೊರೆದಿರುವುದು. ಮೇಲೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಒರೆಸಿದಾಗ ಮಸಿ ಗೀರಿನೊಳಗೆ ನಿಲ್ಲುತ್ತದೆ. ಹಾಗಾಗಿ ಮಸಿ ಹೋದರೂ ಅಕ್ಷರ ಹೋಗುವುದಿಲ್ಲ, ಮತ್ತೆ ಮಸಿ ತುಂಬಬಹುದು. ಆದರೆ ಗರಿಯೇ ಒಣಗಿ ಗರಿಗರಿಯಾದರೆ ಬಿಡಿಸುವಾಗಲೇ ತುಂಡಾಗುತ್ತದೆ. ಅದಕ್ಕೆ ಸಿಟ್ರೊನೆಲ್ಲಾ ಎಣ್ಣೆಯನ್ನು ತೆಳುವಾಗಿ ಸವರುತ್ತಾರೆ, ಗರಿ ಮೆತ್ತಗಾಗುತ್ತದೆ, ಹುಳವೂ ದೂರ. ಜಾಸ್ತಿ ಹಚ್ಚಿದರೆ ಧೂಳು ಅಂಟಿ ಇನ್ನೊಂದು ತಲೆನೋವು. ಒಂದಕ್ಕೊಂದು ಅಂಟಿಕೊಂಡ ಕಟ್ಟು ಬಂದರಂತೂ ಆ ದಿನ ಬೇರೆ ಕೆಲಸ ಇಲ್ಲ. ಬಿದಿರಿನ ತೆಳು ಪಟ್ಟಿಯನ್ನು ಅಂಚಿನಿಂದ ಮೆಲ್ಲಗೆ ತೂರಿಸುತ್ತಾ ಕೂರಬೇಕು. ಬಲ ಹಾಕಿದರೆ ಒಂದು ಗರಿಯ ಮೇಲ್ಮೈ ಎದ್ದು ಇನ್ನೊಂದಕ್ಕೆ ಅಂಟಿಕೊಂಡು ಬರುತ್ತದೆ, ಎರಡೂ ಹೋದ ಹಾಗೆ.

ಇಲ್ಲಿಯ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದಿದ್ದು ಅಲ್ಲೇ, 1905ರಲ್ಲಿ. 1909ರಲ್ಲಿ ಅಚ್ಚಾಯಿತು. ಹುಳ ಹಿಡಿದ ಕಟ್ಟು ಅಂತ ಯಾರಾದರೂ ಅದನ್ನು ಹೊಳೆಗೆ ಬಿಟ್ಟಿದ್ದರೆ? ನಮ್ಮ ಕಡೆ ಹಳೇ ಗರಿಗಳನ್ನು ಹೊಳೆಗೆ ಬಿಡುವ ಪದ್ಧತಿ ಇತ್ತಲ್ಲ. ನೀವು ಹಳಗನ್ನಡ ಲಿಪಿ, ತಿಗಳಾರಿ ಲಿಪಿ ಸ್ವಲ್ಪ ಓದೋಕೆ ಕಲಿತರೆ ನಿಮ್ಮನ್ನು ಯಾರೂ ಬಿಡುವುದಿಲ್ಲ. ಗರಿ ಉಳಿಸುವವರು ಸಿಗುತ್ತಾರೆ, ಗರಿಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವವರು ಸಿಗುವುದು ಕಷ್ಟ.

ಗುತ್ತಿಗೆ_ನೌಕರ:

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ನಾನು ತಣ್ಣೀರು ಎರಚೋಕೆ ಬಂದಿದ್ದೇನೆ. ಅಪ್ಪನಿಗೆ ಹೇಳೋಕೆ ಗಟ್ಟಿ ಉತ್ತರ ಬೇಕು ಅಂದಿರಲ್ಲ.

ಕಾಯಂ ಹುದ್ದೆ ಎಲ್ಲಿದೆ? ಎಎಸ್‌ಐನ (ಕೇಂದ್ರದ ಪುರಾತತ್ವ ಇಲಾಖೆ) ಸೈನ್ಸ್ ಬ್ರಾಂಚ್ ಇದೆ, ಡೆಹ್ರಾಡೂನ್ ಕೇಂದ್ರ. 1917ರಲ್ಲಿ ಶುರುವಾಗಿದ್ದು, ಅಂದರೆ ಈ ದೇಶದಲ್ಲಿ ಈ ಕೆಲಸಕ್ಕೆ ನೂರು ವರ್ಷ ದಾಟಿದೆ. ಅಜಂತಾ ಚಿತ್ರಗಳಿಂದ ಹಿಡಿದು ಊರೂರಿನ ಸಂರಕ್ಷಿತ ದೇವಸ್ಥಾನದ ಕಲ್ಲು ತೊಳೆಯುವುದರವರೆಗೆ ಅವರದ್ದು. ಹುದ್ದೆ ಹೆಸರೇ ಆರ್ಕಿಯಲಾಜಿಕಲ್ ಕೆಮಿಸ್ಟ್. ಮೇಲಿನ ಹುದ್ದೆಗಳನ್ನು ಯುಪಿಎಸ್‌ಸಿ ಕರೆಯುತ್ತದೆ, ಸಾಮಾನ್ಯವಾಗಿ ಕೆಮಿಸ್ಟ್ರಿ ಎಂ.ಎಸ್ಸಿ ಕೇಳುತ್ತಾರೆ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಎಂ.ಎ ಕನ್ಸರ್ವೇಷನ್ ಒಂದೇ ಮಾಡಿದರೆ ಕೆಲವು ಬಾಗಿಲು ಮುಚ್ಚಿರುತ್ತವೆ. ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿ ಆಮೇಲೆ ಈ ಕಡೆ ಬಂದವರು ಎರಡೂ ಕಡೆ ಅರ್ಜಿ ಹಾಕುತ್ತಾರೆ. ರಾಷ್ಟ್ರೀಯ ಮ್ಯೂಸಿಯಂಗಳು, ನ್ಯಾಷನಲ್ ಆರ್ಕೈವ್ಸ್, ಕೆಲವು ರಾಜ್ಯ ಮ್ಯೂಸಿಯಂಗಳಲ್ಲಿ ಹುದ್ದೆ ಇವೆ, ಆದರೆ ಖಾಲಿ ಬಿದ್ದಿದ್ದು ತುಂಬುವುದು ಯಾವಾಗ ಅಂತ ಆ ದೇವರಿಗೇ ಗೊತ್ತು.

ಉಳಿದಿದ್ದೆಲ್ಲ ಪ್ರಾಜೆಕ್ಟ್. ಆರು ತಿಂಗಳು, ಒಂದು ವರ್ಷ. ಮುಗಿದರೆ ಮುಂದಿನದ್ದು ಹುಡುಕು. ಇಂಟ್ಯಾಕ್ ಲ್ಯಾಬ್‌ಗಳು, ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದ ಕನ್ಸರ್ವೇಷನ್ ಕೇಂದ್ರ, ಅರಮನೆ ಟ್ರಸ್ಟ್‌ಗಳು, ಬ್ಯಾಂಕು ಕಂಪನಿಗಳ ಕಲಾ ಸಂಗ್ರಹ, ದುಡ್ಡಿರುವವರ ಮನೆಯ ರವಿವರ್ಮ. ಖಾಸಗಿಯಲ್ಲಿ ಕೈ ಪಳಗಿದವರಿಗೆ ಈಗ ಒಳ್ಳೆ ಸಂಪಾದನೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿಗೆ ಮುಟ್ಟುವವರೆಗೆ ಮೊದಲ ಕೆಲವು ವರ್ಷ ಬಿ.ಎಡ್ ಮಾಡಿದ ಗೆಳತಿ ನಿಮಗಿಂತ ಆರಾಮಾಗಿರುತ್ತಾಳೆ.

ಇನ್ನೊಂದು ಹೊಟ್ಟೆಯುರಿ. ಟೆಂಡರ್. ಗೋಡೆ ಚಿತ್ರದ ಕೆಲಸಕ್ಕೂ ಚರಂಡಿ ಕೆಲಸಕ್ಕೂ ಒಂದೇ ಥರ ಟೆಂಡರ್ ಕರೆದರೆ ಏನಾಗುತ್ತದೆ? ಕಡಿಮೆ ರೇಟ್ ಹಾಕಿದವನಿಗೆ ಹೋಗುತ್ತದೆ. ಒಂದು ಊರಿನ ದೇವಸ್ಥಾನದಲ್ಲಿ (ಹೆಸರು ಬೇಡ) ಛಾವಣಿಯಲ್ಲಿ ಹಳೇ ಚಿತ್ರ ಇತ್ತು, ದೀಪದ ಹೊಗೆ ಕೂತು ಕಪ್ಪಾಗಿತ್ತು. ನಾವು ಹೋಗಿ ನೋಡಿ, ಹೊಗೆ ಪದರದ ಕೆಳಗೆ ಬಣ್ಣ ಗಟ್ಟಿಯಾಗಿಯೇ ಇದೆ, ಒಂದು ಸೀಸನ್ ಕೊಟ್ಟರೆ ತೆಗೆಯಬಹುದು ಅಂತ ರಿಪೋರ್ಟ್ ಬರೆದು ಬಂದೆವು. ಮುಂದಿನ ಸಲ ಹೋದಾಗ ಕಮಿಟಿಯವರು ಜಾತ್ರೆಗೆ ಅಂತ ಎಮಲ್ಶನ್ ಹೊಡೆಸಿ, ಅದರ ಮೇಲೆ ಒಬ್ಬ ಬೋರ್ಡ್ ಬರೆಯುವವನಿಂದ ಹೊಸ ದೇವರನ್ನು ಬರೆಸಿದ್ದರು. "ಈಗ ನೋಡಿ ಸಾರ್, ಎಷ್ಟು ಲಕ್ಷಣವಾಗಿದೆ" ಅಂತ ಕಾಫಿ ಬೇರೆ ಕೊಟ್ಟರು. ಕಲ್ಲಿನ ಕಂಬಗಳಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿ ಶಾಸನದ ಅಕ್ಷರ ಸವೆಸಿದ್ದನ್ನೂ ನೋಡಿದ್ದೇನೆ. ಅವರಿಗೆ ಭಕ್ತಿ ಕಡಿಮೆ ಅಂತ ಅಲ್ಲ, ಭಕ್ತಿ ಜಾಸ್ತಿಯಾಗಿಯೇ ಹೀಗೆ ಮಾಡುತ್ತಾರೆ. ಈ ಕೆಲಸಕ್ಕೆ ಬಂದರೆ ಕಮಿಟಿ ಅಧ್ಯಕ್ಷರ ಜೊತೆ ಕೂತು ಮಾತಾಡುವ ತಾಳ್ಮೆ ಬೇಕು. ಅದನ್ನು ಯಾವ ಇನ್‌ಸ್ಟಿಟ್ಯೂಟ್‌ನಲ್ಲೂ ಕಲಿಸುವುದಿಲ್ಲ.

ಅಟ್ಟದ_ಪೆಟ್ಟಿಗೆ:

ಥ್ರೆಡ್ ದಾರಿ ತಪ್ಪಿಸುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮೈಸೂರು ಶೈಲಿಯ ಒಂದು ಪಟ್ಟಾಭಿಷೇಕ ಇದೆ. ಚಿನ್ನದ ಕೆಲಸ ಇದೆ. ಗಾಜಿನ ಒಳಗೆ ಬಿಳಿ ಬಿಳಿ ಬೂಷ್ಟು ಬಂದಿದೆ, ಒಂದು ಕಡೆ ಚಿನ್ನ ಎದ್ದಿದೆ. ಫ್ರೇಮ್ ಅಂಗಡಿಯವನು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ ಫೆವಿಕಾಲ್ ಹಾಕಿ ಕೊಡ್ತೀನಿ ಅಂತಾನೆ. ಕೊಡಬಹುದಾ?

ಹತ್ತಿಕಡ್ಡಿ:

ಅಯ್ಯೋ ಬೇಡ ಬೇಡ. ಸಾಂಪ್ರದಾಯಿಕ ಮೈಸೂರು ಚಿತ್ರದ ಬಣ್ಣ ಗೋಂದಿನಲ್ಲಿ ಕಲಸಿದ್ದು, ನೀರು ತಾಗಿದರೆ ಕರಗುತ್ತದೆ. ಚಿನ್ನದ ಹಾಳೆ ಕೂತಿರುವುದು ಗೆಸ್ಸೋ ಅನ್ನುವ ಉಬ್ಬು ಲೇಪದ ಮೇಲೆ, ಅದೂ ಅಂಟಿನದ್ದೇ. ಒದ್ದೆ ಬಟ್ಟೆ ಆಡಿಸಿದರೆ ಬೂಷ್ಟಿನ ಜೊತೆ ರಾಮನ ಮುಖವೂ ಬಟ್ಟೆಗೆ ಬರುತ್ತದೆ. ಫೆವಿಕಾಲ್ ಹಾಕಿದರೆ ಈಗ ಕೂತುಕೊಳ್ಳುತ್ತದೆ ನಿಜ, ಆದರೆ ಮುಂದೆ ಅದನ್ನು ಬಿಡಿಸೋಕೆ ಆಗುವುದಿಲ್ಲ. ನಮ್ಮ ಕೆಲಸದ ಮೊದಲ ನಿಯಮ ಇದು: ಇವತ್ತು ನಾನು ಹಾಕಿದ್ದನ್ನು ನಾಳೆ ಬರುವವನು ಚಿತ್ರಕ್ಕೆ ನೋವಾಗದೆ ತೆಗೆಯುವ ಹಾಗಿರಬೇಕು. ಅದಕ್ಕೇ ಪ್ಯಾರಲಾಯ್ಡ್ ಬಿ-72 ಥರದ ರೆಸಿನ್ ಬಳಸುತ್ತಾರೆ, ವರ್ಷಗಳಾದ ಮೇಲೂ ಅಸಿಟೋನ್‌ನಲ್ಲಿ ಕರಗುತ್ತದೆ.

ಈಗ ನೀವು ಮಾಡಬೇಕಾದ್ದು ಇಷ್ಟೇ. ಗೋಡೆಯಿಂದ ಇಳಿಸಿ, ಅದು ಬಹುಶಃ ತೇವ ಹಿಡಿದ ಗೋಡೆ, ಹೊರಗಿನ ಗೋಡೆ ಅಥವಾ ಬಚ್ಚಲು ಪಕ್ಕದ್ದು. ಗಾಳಿಯಾಡುವ ಒಣ ಕೋಣೆಯಲ್ಲಿ ಮುಖ ಮೇಲಾಗಿ ಮಲಗಿಸಿ. ಬಿಸಿಲಿಗೆ ಇಡಬೇಡಿ. ಚಿನ್ನ ಎದ್ದ ಕಡೆ ಏನೂ ಒತ್ತಬೇಡಿ. ಗಾಜಿಗೆ ಬಣ್ಣ ಅಂಟಿರಬಹುದು, ಹಾಗಾಗಿ ಫ್ರೇಮ್ ನೀವೇ ಬಿಚ್ಚಬೇಡಿ. ಫೋಟೋ ತೆಗೆದು ಬೆಂಗಳೂರಿನ ಆ ಕೇಂದ್ರಕ್ಕೆ ತೋರಿಸಿ. ಮತ್ತೆ ವಾಪಸ್ ಹಾಕುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಸಣ್ಣ ಸಂದು ಇರಬೇಕು, ಹಿಂದೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಬೇಕು. ಹಿಂಭಾಗದ ನಾಲ್ಕು ಮೂಲೆಗೆ ಬಾಟಲ್ ಕಾರ್ಕಿನ ತುಂಡು ಅಂಟಿಸಿದರೂ ಸಾಕು.

ಇದೇ ಮಾತು ಹಳೇ ಪತ್ರ, ಜಾತಕ, ಆಸ್ತಿ ಕಾಗದಕ್ಕೂ. ಯಾರೂ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಪ್ಲಾಸ್ಟಿಕ್ ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಸೆಲ್ಲೋಟೇಪ್ ಅದಕ್ಕಿಂತ ಸ್ವಲ್ಪ ಕಡಿಮೆ ಪಾಪ.

ಟೈಬರ್_ಕನ್ನಡಿಗ:

ರೋಮ್‌ನಿಂದ ಬರೆಯುತ್ತಿದ್ದೇನೆ. ನಾನು ಐಟಿಯವನೇ, ಆದರೆ ಹೆಂಡತಿ ಈ ಕ್ಷೇತ್ರದಲ್ಲಿ ಇರುವುದರಿಂದ ಮನೆಯಲ್ಲಿ ಊಟಕ್ಕೂ ಇದೇ ಮಾತು.

ಇಲ್ಲಿಯ ರಾಷ್ಟ್ರೀಯ ಸಂಸ್ಥೆ ಇಸ್ತಿತೂತೋ ಚೆಂತ್ರಾಲೆ ಪೆರ್ ಇಲ್ ರೆಸ್ತಾವುರೋ. 1939ರಲ್ಲಿ ಸ್ಥಾಪನೆ, ಮೊದಲ ನಿರ್ದೇಶಕ ಚೆಜಾರೆ ಬ್ರಾಂದಿ. ಜಗತ್ತಿನ ಅರ್ಧ ಕನ್ಸರ್ವೇಷನ್ ಪಾಠಗಳು ಅವನ ಯೋಚನೆಯಿಂದಲೇ ಬಂದಿದ್ದು ಅಂದರೂ ತಪ್ಪಿಲ್ಲ. ಕೋರ್ಸ್ ಐದು ವರ್ಷ, ಎರಡಲ್ಲ! ಸೀಟು ಬೆರಳೆಣಿಕೆ. ಪ್ರವೇಶ ಪರೀಕ್ಷೆಯಲ್ಲಿ ಕೈಯನ್ನೂ ಪರೀಕ್ಷಿಸುತ್ತಾರೆ, ಡ್ರಾಯಿಂಗ್ ಒಂದು, ಬಣ್ಣ ಹೊಂದಿಸುವುದು ಇನ್ನೊಂದು, ಆಮೇಲೆ ಮೌಖಿಕ. ಪಾಠ ಇಟಾಲಿಯನ್‌ನಲ್ಲಿ. ಓದುವಾಗಲೇ ನಿಜವಾದ ಚರ್ಚ್ ಗೋಡೆ, ನಿಜವಾದ ಶಿಲ್ಪದ ಮೇಲೆ ಗುರುಗಳ ಕಣ್ಣೆದುರು ಕೆಲಸ. ನಮ್ಮಲ್ಲಿ ಎರಡು ವರ್ಷದ ಎಂ.ಎಯಲ್ಲಿ ಕಲ್ಲು, ಲೋಹ, ಕಾಗದ, ಬಟ್ಟೆ ಎಲ್ಲವನ್ನೂ ಮುಟ್ಟಿಸುತ್ತಾರೆ. ಇಲ್ಲಿ ಒಂದೋ ಎರಡೋ ವಸ್ತುವನ್ನು ಹಿಡಿದು ಐದು ವರ್ಷ ಕೂರಿಸುತ್ತಾರೆ. ನನಗೆ ಕೇಳಿದರೆ ನಮ್ಮ ಕೋರ್ಸ್‌ನ ಕೊರತೆ ಇದೇ, ಮೇಷ್ಟ್ರುಗಳದ್ದಲ್ಲ, ಸಮಯದ್ದು.

ಬ್ರಾಂದಿ ಕಾಲದ ಒಂದು ತಂತ್ರ ಹೇಳಲೇಬೇಕು, ನನಗೆ ತುಂಬಾ ಇಷ್ಟ. ಬಣ್ಣ ಉದುರಿ ಖಾಲಿಯಾದ ಜಾಗ ಇದೆ ಅಂದುಕೊಳ್ಳಿ. ಪೂರ್ತಿ ಬಣ್ಣ ತುಂಬಿದರೆ ಮೋಸ, ಖಾಲಿ ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕೆ ಇವರು ಮಾಡುವುದು ತ್ರಾತೆಜ್ಜೋ. ಜಲವರ್ಣದಲ್ಲಿ ಕೂದಲೆಳೆಯಂಥ ನೆಟ್ಟನೆ ಗೀರುಗಳು, ಒಂದರ ಪಕ್ಕ ಒಂದು, ಬೇರೆ ಬೇರೆ ಬಣ್ಣ. ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಚಿತ್ರ ಪೂರ್ತಿ ಕಾಣುತ್ತದೆ, ಹತ್ತಿರ ಹೋದರೆ ಗೀರು ಕಾಣುತ್ತದೆ, ಇದು ಮೂಲ ಅಲ್ಲ ಅಂತ ಗೊತ್ತಾಗುತ್ತದೆ. ಫ್ಲಾರೆನ್ಸ್‌ನವರು ಇದನ್ನೇ ಇನ್ನೊಂದು ದಿಕ್ಕಿಗೆ ಬೆಳೆಸಿದರು. 1966ರ ನವೆಂಬರ್ 4ರಂದು ಆರ್ನೋ ನದಿ ನುಗ್ಗಿ ಸಾಂತಾ ಕ್ರೋಚೆ ಚರ್ಚ್‌ನಲ್ಲಿದ್ದ, ಚಿಮಾಬುಯೆ ಅನ್ನುವ ಹಳೇ ಚಿತ್ರಕಾರ ಬರೆದ ಶಿಲುಬೆಯ ಬಣ್ಣ ದೊಡ್ಡ ದೊಡ್ಡ ಭಾಗವೇ ಹೋಯಿತು. ಅಲ್ಲಿ ಊಹಿಸಿ ಬರೆಯೋಕೆ ಏನೂ ಉಳಿದಿರಲಿಲ್ಲ. ಮುಖ ಮತ್ತೆ ಬರೆಯಲಿಲ್ಲ, ಸುತ್ತಲಿನ ಬಣ್ಣಗಳಿಂದ ಹೆಣೆದ ಒಂದು ತಟಸ್ಥ ಬಣ್ಣದ ಗೀರುಗಳಿಂದ ಆ ಜಾಗ ತುಂಬಿದರು. ಹೋಗಿದ್ದು ಹೋಯಿತು ಅಂತ ಅದನ್ನು ನೋಡಿದವರಿಗೆ ಇಂದಿಗೂ ಗೊತ್ತಾಗುತ್ತದೆ.

ಹಾಗಂತ ಇಟಲಿಯವರು ಅಂದರೆ ಎಲ್ಲ ಸರಿ ಅಂತ ಅಲ್ಲ. 1920ರ ಹೊತ್ತಿಗೆ ಹೈದರಾಬಾದ್ ನಿಜಾಮರು ಅಜಂತಾಕ್ಕೆ ಚೆಕ್ಕೋನಿ ಮತ್ತು ಒರ್ಸೀನಿ ಅನ್ನುವ ಇಬ್ಬರು ಇಟಾಲಿಯನ್ನರನ್ನು ಕರೆಸಿದ್ದರು. ಉದುರುತ್ತಿದ್ದ ಬಣ್ಣವನ್ನು ಅವರು ನಿಲ್ಲಿಸಿದರು ನಿಜ, ಆದರೆ ಮೇಲೆ ಬಳಿದ ಶೆಲ್ಲಾಕ್, ಅಂದರೆ ಅರಗಿನ ವಾರ್ನಿಶ್, ವರ್ಷ ಕಳೆದಂತೆ ಹಳದಿಯಾಗಿ ಕಪ್ಪಾಗಿ ಚಿತ್ರವನ್ನೇ ಮುಚ್ಚಿತು. ಅದನ್ನು ಪದರ ಪದರವಾಗಿ ತೆಗೆಯೋಕೆ ಗುತ್ತಿಗೆ_ನೌಕರ ಹೇಳಿದ ಎಎಸ್‌ಐ ಕೆಮಿಸ್ಟ್‌ಗಳು ದಶಕಗಟ್ಟಲೆ ಕೂತಿದ್ದಾರೆ.

ಇನ್ನೊಂದು ವಿಷಯ, ನಿಮ್ಮ ಅಪ್ಪನಿಗೆ ಹೇಳಿ. ಜಗತ್ತಿನ ದೇಶಗಳೆಲ್ಲ ಸೇರಿ ನಡೆಸುವ ಇಕ್ರಾಮ್ ಅನ್ನುವ ಸಂರಕ್ಷಣಾ ತರಬೇತಿ ಕೇಂದ್ರ ರೋಮ್‌ನಲ್ಲಿದೆ. ಅದನ್ನು ಮಾಡೋಣ ಅಂತ ಯುನೆಸ್ಕೋ ತೀರ್ಮಾನ ಮಾಡಿದ್ದು 1956ರಲ್ಲಿ, ದೆಹಲಿಯ ಮಹಾಸಭೆಯಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಅದರ ಕಿರು ಕೋರ್ಸ್‌ಗಳಿಗೆ ಅರ್ಜಿ ಹಾಕಬಹುದು.

ತುಂಗೆ_ದಡದವಳು:

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಗುತ್ತಿಗೆ_ನೌಕರ ಅವರ ಉತ್ತರವನ್ನೇ ಮೊದಲು ಓದಿ ಹೇಳಿದೆ, "ಇವನೊಬ್ಬ ನಿಜ ಹೇಳೋನು" ಅಂದರು! ಆದರೆ ಎಂ.ಎಸ್ಸಿ ಮಾಡಿ ಆಮೇಲೆ ಹೋಗು ಅನ್ನುವಲ್ಲಿಗೆ ಒಪ್ಪಿದ್ದಾರೆ. ಒಂದು ಸಣ್ಣ ಪ್ರಶ್ನೆ. ನನಗೆ ಸ್ವಲ್ಪ ವೀಸಿಂಗ್ ಇದೆ. ಸಾಲ್ವೆಂಟ್ ವಾಸನೆಯಲ್ಲಿ ದಿನಾ ಕೂರಬೇಕಾ?

ಹತ್ತಿಕಡ್ಡಿ:

ಒಳ್ಳೆ ಪ್ರಶ್ನೆ, ತುಂಬಾ ಜನ ಕೇಳುವುದೇ ಇಲ್ಲ. ತೈಲಚಿತ್ರದ ವಾರ್ನಿಶ್ ತೆಗೆಯುವ ಕೆಲಸದಲ್ಲಿ ಅಸಿಟೋನ್, ಟಾಲ್ಯೂಈನ್ ಇದ್ದೇ ಇರುತ್ತವೆ. ಒಳ್ಳೆ ಲ್ಯಾಬ್‌ನಲ್ಲಿ ವಾಸನೆ ಎಳೆಯುವ ಪೈಪ್ ಇರುತ್ತದೆ, ಸೈಟ್‌ನಲ್ಲಿ ಮಾಸ್ಕ್ ಬಿಟ್ಟರೆ ಏನೂ ಇರುವುದಿಲ್ಲ. ಹಳೇ ಕಾಗದ, ಬಟ್ಟೆಯ ಬೂಷ್ಟಿನ ಧೂಳು ಅದಕ್ಕಿಂತ ಕೆಟ್ಟದ್ದು, ವೀಸಿಂಗ್ ಇರುವವರು ಎನ್95 ಇಲ್ಲದೆ ಕಟ್ಟು ಬಿಚ್ಚಲೇಬಾರದು. ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ. ಪ್ರಿವೆಂಟಿವ್ ಕನ್ಸರ್ವೇಷನ್ ಅಂತ ಒಂದು ಶಾಖೆ ಇದೆ. ಗ್ಯಾಲರಿಯ ಬೆಳಕು, ತೇವ, ಹುಳ, ಶೋಕೇಸ್, ಸ್ಟೋರ್ ಇವನ್ನು ನೋಡಿಕೊಳ್ಳುವುದು. ಜಲವರ್ಣ ಚಿತ್ರಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳದ ಹಾಗೆ ನೋಡುವುದು, ಮಳೆಗಾಲದಲ್ಲಿ ತೇವ ಏರದ ಹಾಗೆ ನೋಡುವುದು ಇತ್ಯಾದಿ. ಸಾಲ್ವೆಂಟ್ ಮುಟ್ಟುವುದೇ ಕಡಿಮೆ. ನಿಮ್ಮ ಬಾಟನಿಗೂ ಹೊಂದುತ್ತದೆ, ಬೂಷ್ಟು ಹುಳದ ಬಗ್ಗೆ ಗೊತ್ತಿರುವವರು ನಮ್ಮಲ್ಲಿ ಕಮ್ಮಿ.

ಗರಿಕಟ್ಟು:

ಮೈಸೂರಿಗೆ ಬರುವುದಾದರೆ ಪರೀಕ್ಷೆ ಮುಗಿಸಿ, ವಾರದ ದಿನ ಬನ್ನಿ. ಮೊದಲೇ ಇಮೇಲ್ ಹಾಕಿ, ಕಾಲೇಜಿನ ಪ್ರಿನ್ಸಿಪಾಲರ ಪತ್ರ ತನ್ನಿ, ಸುಮ್ನೆ ಬಾಗಿಲಲ್ಲಿ ನಿಂತರೆ ಸೆಕ್ಯೂರಿಟಿಯವರು ಬಿಡುವುದಿಲ್ಲ. ನೀವು ಬರೆದ ಚಿತ್ರಗಳ ಫೈಲ್ ಕೂಡ ಇರಲಿ.

ಗುತ್ತಿಗೆ_ನೌಕರ:

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಎಂ.ಎಸ್ಸಿಯಲ್ಲಿ ಅನಾಲಿಟಿಕಲ್ ಕೆಮಿಸ್ಟ್ರಿ ಸಿಕ್ಕರೆ ತಗೊಳ್ಳಿ, ವಸ್ತುವಿನಲ್ಲಿ ಏನೇನಿದೆ ಅಂತ ಪತ್ತೆ ಹಚ್ಚುವ ಎಕ್ಸ್‌ಆರ್‌ಎಫ್, ಎಫ್‌ಟಿಐಆರ್ ಮೆಷಿನ್ ಓಡಿಸೋಕೆ ಬರುವವರನ್ನು ಈಗ ಎಲ್ಲ ಪ್ರಾಜೆಕ್ಟ್‌ನಲ್ಲೂ ಹುಡುಕುತ್ತಿದ್ದಾರೆ. ಯುಪಿಎಸ್‌ಸಿ ಸೈಟ್ ಆಗಾಗ ನೋಡುತ್ತಿರಿ, ಈ ಹುದ್ದೆಗಳ ಜಾಹೀರಾತು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಮುಗಿದುಹೋಗುತ್ತದೆ.